ಪರದೇಶಕ್ಕೆ ಹೊರಡುವ ಮುನ್ನ ಮನೆ ಖರ್ಚಿನ ಲೆಕ್ಕ: ಮಲೆನಾಡಿನವರಿಗೊಂದು ಮಾರ್ಗದರ್ಶಿ

"ತಿಂಗಳಿಗೆ ನಾಲ್ಕೂವರೆ ಸಾವಿರ ಯೂರೋ ಅಂದ್ರೆ ನಾಲ್ಕೂವರೆ ಲಕ್ಷ ಆಯ್ತಲ್ಲ, ಹೋಗಬಹುದಾ?" ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಒಬ್ಬರಿಗೆ ಜರ್ಮನಿ, ಇನ್ನೊಬ್ಬರಿಗೆ ದುಬೈ, ಮತ್ತೊಬ್ಬರಿಗೆ ಇಂಗ್ಲೆಂಡ್. ಪ್ರಶ್ನೆ ಮಾತ್ರ ಅದೇ. ಹೋಗಿ ಅಥವಾ ಬೇಡ ಎಂದು ನಾನು ಹೇಳಲಾರೆ, ಅದು ನಿಮ್ಮ ಮನೆಯವರು ಕೂತು ತೀರ್ಮಾನಿಸಬೇಕಾದ್ದು. ಆದರೆ ಲೆಕ್ಕ ಹಾಕುವ ದಾರಿಯನ್ನು ಹೇಳಿಕೊಡಬಲ್ಲೆ. ಎರಡು ರಜಾದಿನ ಕೂತರೆ ನಿಮ್ಮ ಮನೆಯ ಅಂಕಿಗಳು ನಿಮ್ಮ ಮುಂದಿರುತ್ತವೆ.

ಮೊದಲೇ ಎರಡು ವಿಷಯ ತಲೆಯಲ್ಲಿರಲಿ. ನಮ್ಮ ಕಡೆಯ ಕುಟುಂಬಗಳಲ್ಲಿ ದುಡ್ಡು ಕೊಡದೆ ಮನೆಗೆ ಬರುವ ಸಾಮಾನು ಬಹಳ, ಅದು ಯಾವ ಬ್ಯಾಂಕ್ ಖಾತೆಯಲ್ಲೂ ಕಾಣುವುದಿಲ್ಲ. ಇನ್ನೊಂದು, ನೀವು ವಿಮಾನ ಹತ್ತಿದ ಕೂಡಲೇ ಊರಿನ ಖರ್ಚು ನಿಲ್ಲುವುದಿಲ್ಲ. ಕೆಲವಂತೂ ನೀವು ಹೋದದ್ದರಿಂದಲೇ ಹೊಸದಾಗಿ ಹುಟ್ಟುತ್ತವೆ. ಈ ಎರಡನ್ನೂ ಬಿಟ್ಟು ಹಾಕಿದ ಲೆಕ್ಕ ನೋಡಲು ಚೆನ್ನಾಗಿರುತ್ತದೆ, ಆರು ತಿಂಗಳಲ್ಲಿ ಕೈ ಕೊಡುತ್ತದೆ.

ಬೇಕಾಗುವ ಸಾಮಾನು

ಹಿಂದಿನ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಫೋನ್‌ಪೇ ಅಥವಾ ಗೂಗಲ್‌ಪೇ ಇತಿಹಾಸ, ಮೆಸ್ಕಾಂ ಕರೆಂಟ್ ಬಿಲ್ಲು, ಶಾಲೆಯ ಫೀಸ್ ರಸೀದಿ, ವಿಮೆಯ ಕಾಗದ, ಸಾಲದ ಕಂತಿನ ಪಟ್ಟಿ. ಜೊತೆಗೆ ಅಲ್ಲಿನ ಕಂಪನಿ ಕೊಟ್ಟ ಆಫರ್ ಲೆಟರ್. ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆ ಇದ್ದರೆ ಒಳ್ಳೆಯದು, ಇಲ್ಲವಾದರೆ ಉದ್ದ ನೋಟ್‌ಬುಕ್ ಸಾಕು. ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ:

ಅ) ಈಗ ಊರಲ್ಲಿ ಆಗುವ ಖರ್ಚು
ಆ) ಅಲ್ಲಿ ಆಗುವ ಖರ್ಚು
ಇ) ಅಲ್ಲಿಗೆ ಹೋದ ಮೇಲೂ ಊರಲ್ಲಿ ಆಗುವ ಖರ್ಚು
ಈ) ಒಂದೇ ಸಲ ಆಗುವ ಖರ್ಚು

ಒಂದೆರಡು ತಿಂಗಳ ಸ್ಟೇಟ್‌ಮೆಂಟ್ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ನಮ್ಮಲ್ಲಿ ಖರ್ಚು ಕಾಲಕ್ಕೆ ತಕ್ಕ ಹಾಗೆ ಬರುತ್ತದೆ. ಮೇ–ಜೂನ್‌ನಲ್ಲಿ ಶಾಲೆಯ ಫೀಸು, ಮಳೆಗಾಲಕ್ಕೆ ಮುಂಚೆ ಹೆಂಚು ಸರಿ ಮಾಡಿಸುವುದು. ಮಳೆ ಶುರುವಾದ ಮೇಲೆ ಅಡಿಕೆಗೆ ಕೊಳೆರೋಗದ ಔಷಧಿ. ದೀಪಾವಳಿ ಹೊತ್ತಿಗೆ ಬಟ್ಟೆಬರೆ, ಅಡಿಕೆ ಕೊನೆ ಕೊಯ್ಲಿನ ಕೂಲಿ. ಏಪ್ರಿಲ್–ಮೇನಲ್ಲಿ ಸಾಲು ಸಾಲು ಮದುವೆ, ಮುಯ್ಯಿ. ಸಾಗರದ ಮಾರಿಕಾಂಬಾ ಜಾತ್ರೆಯಂತೂ ಮೂರು ವರ್ಷಕ್ಕೊಮ್ಮೆ, ಆ ವರ್ಷ ಮನೆಯಲ್ಲಿ ನೆಂಟರು ತುಂಬಿರುತ್ತಾರೆ. ವರ್ಷದ ಮೊತ್ತ ತೆಗೆದು 12ರಿಂದ ಭಾಗಿಸಿ.

ಹಂತ 1: ಊರಿನ ಖರ್ಚನ್ನು ಪೂರ್ತಿ ಬರೆಯಿರಿ, ದುಡ್ಡು ಕೊಡದ್ದನ್ನೂ ಸೇರಿಸಿ

ಬಾಡಿಗೆ, ದಿನಸಿ, ಹಾಲು, ತರಕಾರಿ, ಗ್ಯಾಸ್, ಪೆಟ್ರೋಲ್, ಫೀಸು, ಫೋನ್, ಔಷಧಿ, ಮನೆಕೆಲಸದವರ ಸಂಬಳ, ಹಬ್ಬ, ಮುಯ್ಯಿ. ಇವೆಲ್ಲ ಸುಲಭವಾಗಿ ಸಿಗುತ್ತವೆ, ಸ್ಟೇಟ್‌ಮೆಂಟಿನಿಂದ ಇಳಿಸಿಕೊಳ್ಳಿ.

ಕಷ್ಟದ್ದು ಉಳಿದದ್ದು. ಮುಂದಿನ ಸಲ ಊರಿಂದ ಶಿವಮೊಗ್ಗದ ಮನೆಗೆ ಬಂದಾಗ ಕಾರಿನ ಡಿಕ್ಕಿ ತೆರೆದು ಒಂದೊಂದೇ ಸಾಮಾನನ್ನು ಬರೆದುಕೊಳ್ಳಿ. ಗದ್ದೆಯ ಅಕ್ಕಿ ಅರ್ಧ ಮೂಟೆ, ಸುಲಿದ ತೆಂಗಿನಕಾಯಿ, ಒಂದು ಗೊನೆ ಬಾಳೆ, ಕಾಳುಮೆಣಸಿನ ಡಬ್ಬಿ, ಅಮ್ಮ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿ, ಬಾಟಲಿಯಲ್ಲಿ ಜೋನಿಬೆಲ್ಲ, ತುಪ್ಪ, ಕೆಸುವಿನ ಎಲೆ, ಕಾಲ ಬಂದರೆ ಹಲಸು. ಒಂದೊಂದರ ಮುಂದೆಯೂ ಗಾಂಧಿ ಬಜಾರಿನ ಬೆಲೆ ಹಾಕಿ. ತಿಂಗಳಿಗೆ ಎಷ್ಟಾಯಿತು ಎಂದು ಕೂಡಿದರೆ ಹೆಚ್ಚಿನವರಿಗೆ ಆಶ್ಚರ್ಯವಾಗುತ್ತದೆ. ಅಲ್ಲಿ ಈ ಪ್ರತಿಯೊಂದನ್ನೂ ಅಂಗಡಿಯಿಂದಲೇ ತರಬೇಕು, ಕೆಲವು ಸಿಗುವುದೇ ಇಲ್ಲ.

ಸಾಮಾನಿನ ನಂತರ ಕೆಲಸ. ಮಕ್ಕಳು ಶಾಲೆಯಿಂದ ಬಂದಾಗ ಅಜ್ಜಿ ಮನೆಯಲ್ಲಿದ್ದಾರಾ? ಬೆಳಿಗ್ಗೆ ಅವರನ್ನು ಶಾಲೆಗೆ ಬಿಡುವುದು ಅಜ್ಜನಾ? ಹುಷಾರು ತಪ್ಪಿದರೆ ಒಂದು ದಿನದ ಮಟ್ಟಿಗೆ ಅತ್ತಿಗೆ ಬಂದು ನೋಡಿಕೊಳ್ಳುತ್ತಾರಾ? ಇದಕ್ಕೂ ಬೆಲೆ ಹಾಕಿ. ಶಿವಮೊಗ್ಗದಲ್ಲಿ ಆ ಕೆಲಸಕ್ಕೆ ಜನ ಇಟ್ಟರೆ ಎಷ್ಟು ಕೊಡಬೇಕಾಗುತ್ತಿತ್ತೋ ಅಷ್ಟು. ಅಜ್ಜಿಯ ಪ್ರೀತಿಗೆ ಬೆಲೆ ಕಟ್ಟುವುದು ಸರಿಯೇ ಎಂದು ಮನಸ್ಸು ಹಿಂಜರಿಯುತ್ತದೆ. ನೀವು ಕಟ್ಟುತ್ತಿರುವುದು ಪ್ರೀತಿಗಲ್ಲ, ಆ ಗಂಟೆಗಳಿಗೆ. ಅಲ್ಲಿ ಆ ಗಂಟೆಗಳಿಗೆ ಬಿಲ್ಲು ಬರುತ್ತದೆ.

ಸರ್ಕಾರದಿಂದ ಸಿಗುವುದನ್ನೂ ಬರೆಯಿರಿ. ಗೃಹಜ್ಯೋತಿಯಲ್ಲಿ ಅರ್ಹ ಮನೆಗಳಿಗೆ ತಿಂಗಳಿಗೆ 200 ಯೂನಿಟ್‌ವರೆಗೆ ವಿದ್ಯುತ್ ಉಚಿತ, ಹಾಗಾಗಿ ಎಷ್ಟೋ ಮನೆಗಳಿಗೆ ಬಿಲ್ಲು ಸೊನ್ನೆ ಬರುತ್ತಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ನಿಮ್ಮ ಮನೆಯವರು ದಿನಾ ಭದ್ರಾವತಿಗೆ ಕೆಲಸಕ್ಕೆ ಹೋಗಿಬರುತ್ತಿದ್ದರೆ ಇದು ಚಿಕ್ಕ ಮೊತ್ತವೇನಲ್ಲ.

ಹಂತ 2: ಗುಣಾಕಾರ ಎಲ್ಲಿ ಮಾಡಬೇಕು, ಎಲ್ಲಿ ಮಾಡಬಾರದು

ಸಂಬಳವನ್ನು ವಿನಿಮಯ ದರದಿಂದ ಗುಣಿಸಿ ಹಿಗ್ಗುವುದೂ ತಪ್ಪು, ಅಲ್ಲಿನ ಒಂದು ಕಪ್ ಕಾಫಿಯ ಬೆಲೆಯನ್ನು ಗುಣಿಸಿ ಹೌಹಾರುವುದೂ ತಪ್ಪು. ಅಲ್ಲಿ ಗಳಿಸಿ ಅಲ್ಲೇ ಖರ್ಚು ಮಾಡುವ ಹಣಕ್ಕೆ ರೂಪಾಯಿಯ ಸಂಬಂಧವೇ ಇಲ್ಲ. ಯೂರೋದಲ್ಲಿ ಬಂದದ್ದು, ಯೂರೋದಲ್ಲಿ ಹೋದದ್ದು. ಕೊನೆಗೆ ಉಳಿದು ಊರಿಗೆ ಬರುವ ಹಣವನ್ನು ಮಾತ್ರ ವಿನಿಮಯ ದರದಿಂದ ಗುಣಿಸಿ.

'ಕೊಳ್ಳುವ ಶಕ್ತಿಯ ಸಮಾನತೆ' ಎಂಬ ಮಾತನ್ನು ನೀವು ಕೇಳಿರಬಹುದು, ಪಿಪಿಪಿ ಎಂದೂ ಕರೆಯುತ್ತಾರೆ. ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸಾಮಾನು–ಸೇವೆ ಭಾರತದಲ್ಲಿ ಎಷ್ಟು ರೂಪಾಯಿಗೆ ಸಿಗುತ್ತದೆ ಎನ್ನುವ ಅಳತೆ ಅದು. ವಿಶ್ವಬ್ಯಾಂಕಿನ ಲೆಕ್ಕದಲ್ಲಿ ಅದು ಸುಮಾರು 20 ರೂಪಾಯಿ. ಬ್ಯಾಂಕಿನಲ್ಲಿ ಡಾಲರ್ ಕೊಳ್ಳಲು ಹೋದರೆ ಅದರ ನಾಲ್ಕು ಪಟ್ಟಿಗೂ ಹೆಚ್ಚು ಕೊಡಬೇಕು. ಈ ಎರಡು ಅಂಕಿಗಳ ನಡುವಿನ ಅಂತರವೇ "ಅಲ್ಲಿ ಎಲ್ಲಾ ದುಬಾರಿ" ಎಂಬ ಮಾತಿನ ಹಿಂದಿರುವುದು. ಆದರೆ ಇದು ಇಡೀ ದೇಶದ ಸರಾಸರಿ. ಶಿವಮೊಗ್ಗದ ಗೋಪಾಳದ ಬಾಡಿಗೆಗೂ ಬೆಂಗಳೂರಿನ ಇಂದಿರಾನಗರದ ಬಾಡಿಗೆಗೂ ಅಜಗಜಾಂತರ ಇರುವಾಗ ಸರಾಸರಿಯಿಂದ ನಿಮ್ಮ ಮನೆಯ ಲೆಕ್ಕ ಹೊರಡದು.

ಎಚ್ಚರಿಕೆ: ಎರಡು ಊರುಗಳ ಖರ್ಚು ಹೋಲಿಸುವ ನಂಬಿಯೋದಂಥ ತಾಣಗಳಲ್ಲಿನ ಬೆಲೆಗಳು ಬಳಕೆದಾರರೇ ತುಂಬಿದವು. ದೊಡ್ಡ ನಗರಗಳಿಗೆ ಅಂದಾಜು ಸಿಗುತ್ತದೆ. ಶಿವಮೊಗ್ಗದ ಬದಲು ಬೆಂಗಳೂರನ್ನು ಹಾಕಿ ಹೋಲಿಸಿದರೆ ಊರಿನ ಖರ್ಚು ಇರುವುದಕ್ಕಿಂತ ಹೆಚ್ಚು ಕಾಣುತ್ತದೆ, ಪರದೇಶ ಇರುವುದಕ್ಕಿಂತ ಅಗ್ಗ ಕಾಣುತ್ತದೆ. ಊರಿನ ಕಾಲಂಗೆ ನಿಮ್ಮದೇ ಅಂಕಿ, ಅಲ್ಲಿನ ಕಾಲಂಗೆ ಮಾತ್ರ ತಾಣದ ಅಂಕಿ, ಅದೂ ಅಲ್ಲಿರುವವರೊಬ್ಬರಿಗೆ ತೋರಿಸಿದ ಮೇಲೆ.

ಹಂತ 3: ಕೈಗೆ ಬರುವ ಸಂಬಳ ಎಷ್ಟು

ನಮ್ಮಲ್ಲಿ ಸಿಟಿಸಿ ಎಂದರೆ ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು. ಕಂಪನಿಯ ಪಾಲಿನ ಪಿಎಫ್, ಗ್ರ್ಯಾಚುಟಿ ಎಲ್ಲ ಅದರೊಳಗೇ ಇರುತ್ತದೆ. ಅಲ್ಲಿನ ಆಫರ್ ಲೆಟರಿನ ಅಂಕಿ ಸಾಮಾನ್ಯವಾಗಿ ಕಡಿತಕ್ಕೆ ಮುಂಚಿನ ಸಂಬಳ. ಎರಡರಲ್ಲೂ ಕೈಗೆ ಬರುವ ಮೊತ್ತವನ್ನೇ ಹಿಡಿಯಿರಿ.

ಜರ್ಮನಿಯಲ್ಲಿ ಕಡಿತಕ್ಕೆ ಮುಂಚಿನದು ಬ್ರುಟ್ಟೊ, ಕೈಗೆ ಬರುವುದು ನೆಟ್ಟೊ. ಪಿಂಚಣಿ ವಿಮೆಗೆ ಸಂಬಳದ ಶೇ 18.6, ಅದರಲ್ಲಿ ಅರ್ಧ ನಿಮ್ಮದು, ಅರ್ಧ ಕಂಪನಿಯದು. ಆರೋಗ್ಯ ವಿಮೆ, ನಿರುದ್ಯೋಗ ವಿಮೆ, ವೃದ್ಧಾಪ್ಯದ ಆರೈಕೆ ವಿಮೆಯೂ ಸೇರಿದರೆ ನಿಮ್ಮ ಪಾಲು ಒಟ್ಟು ಶೇ 21ರ ಆಸುಪಾಸು. ಆದಾಯ ತೆರಿಗೆ ಬೇರೆ. ಅದು 'ತೆರಿಗೆ ವರ್ಗ'ದ ಮೇಲೆ ನಿಂತಿದೆ. ಒಂಟಿ ಇರುವವರು ಒಂದನೇ ವರ್ಗ. ಮದುವೆಯಾಗಿ ಒಬ್ಬರೇ ದುಡಿಯುವ ಮನೆಯವರು ಮೂರನೇ ವರ್ಗ ಆರಿಸಿಕೊಳ್ಳಬಹುದು. ತಿಂಗಳಿಗೆ 4,500 ಯೂರೋ ಬ್ರುಟ್ಟೊ ಇದ್ದರೆ ಒಂದನೇ ವರ್ಗದಲ್ಲಿ ಸುಮಾರು 2,850, ಮೂರನೇ ವರ್ಗದಲ್ಲಿ ಸುಮಾರು 3,200 ಕೈಗೆ ಬರುತ್ತದೆ. ಮೇಲಿನ ನಾಲ್ಕೂವರೆ ಲಕ್ಷ ಇಲ್ಲಿಗೇ ಮೂರು ಲಕ್ಷದ ಹತ್ತಿರ ಬಂತು ನೋಡಿ.

ಅಮೆರಿಕದಲ್ಲಿ ಕೇಂದ್ರ ತೆರಿಗೆಯ ಜೊತೆ ಸಾಮಾಜಿಕ ಭದ್ರತೆ ಮತ್ತು ಮೆಡಿಕೇರ್‌ಗೆ ಶೇ 7.65 ಹೋಗುತ್ತದೆ. ರಾಜ್ಯದ ಆದಾಯ ತೆರಿಗೆ ಟೆಕ್ಸಾಸ್, ಫ್ಲಾರಿಡಾ, ವಾಷಿಂಗ್ಟನ್ ರಾಜ್ಯಗಳಲ್ಲಿ ಸಂಬಳದ ಮೇಲಿಲ್ಲ, ಕ್ಯಾಲಿಫೋರ್ನಿಯಾದಲ್ಲಿದೆ. ಹಾಗಾಗಿ ಒಂದೇ ಸಂಬಳ ಬೇರೆ ಊರಲ್ಲಿ ಬೇರೆ ಮೊತ್ತವಾಗುತ್ತದೆ.

ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಅಲ್ಲಿ ನೋಡಬೇಕಾದ್ದು ಮೂಲ ವೇತನ ಎಷ್ಟು, ಭತ್ಯೆ ಎಷ್ಟು ಎಂದು. ಕೆಲಸ ಬಿಡುವಾಗ ಸಿಗುವ ಗ್ರ್ಯಾಚುಟಿಯನ್ನು ಮೂಲ ವೇತನದ ಮೇಲೆ ಲೆಕ್ಕ ಹಾಕುತ್ತಾರೆ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ವೇತನ, ಆಮೇಲಿನ ವರ್ಷಗಳಿಗೆ 30 ದಿನದ್ದು. ಭತ್ಯೆ ಉಬ್ಬಿಸಿ ಮೂಲ ವೇತನ ತಗ್ಗಿಸಿದ ಆಫರ್ ಬಂದರೆ ಮಾತಾಡಿ ಸರಿಪಡಿಸಿಕೊಳ್ಳಿ, ಸಹಿ ಹಾಕುವ ಮುಂಚೆಯೇ.

ಇನ್ನೊಂದು ಪ್ರಶ್ನೆ ಇದೇ ಹಂತದಲ್ಲಿ ಕೇಳಿಕೊಳ್ಳಿ: ಜೊತೆಗೆ ಬರುವ ಗಂಡ ಅಥವಾ ಹೆಂಡತಿಗೆ ಅಲ್ಲಿ ಕೆಲಸ ಮಾಡುವ ಹಕ್ಕಿದೆಯೇ? ಜರ್ಮನಿಯಲ್ಲಿ ಬ್ಲೂ ಕಾರ್ಡ್ (ಉನ್ನತ ಕೌಶಲದ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ) ಇರುವವರ ಸಂಗಾತಿಗೆ ಇದೆ. ಅಮೆರಿಕದಲ್ಲಿ ಎಚ್–1ಬಿ ಕೆಲಸದ ವೀಸಾದವರ ಸಂಗಾತಿಗೆ ಸಿಗುವ ಎಚ್–4 ವೀಸಾದಲ್ಲಿ ಪ್ರತ್ಯೇಕ ಅನುಮತಿ ಪಡೆಯದೆ ಆ ಹಕ್ಕಿಲ್ಲ. ಹಕ್ಕಿದ್ದರೂ ಭಾಷೆ ಕಲಿತು ಕೆಲಸ ಹಿಡಿಯಲು ಸಮಯ ಬೇಕು. ಮೊದಲ ವರ್ಷಕ್ಕೆ ಆ ಸಂಬಳ ಸೊನ್ನೆ ಎಂದೇ ಹಾಕಿ.

ಹಂತ 4: ಬಾಡಿಗೆಯ ಒಳಗೆ ಏನಿದೆ, ಏನಿಲ್ಲ

ಜರ್ಮನಿಯ ಜಾಹೀರಾತುಗಳಲ್ಲಿ ಎರಡು ಬಾಡಿಗೆ ಇರುತ್ತದೆ. ಕಾಲ್ಟ್‌ಮೀಟೆ ಎಂದರೆ ಬರೀ ಮನೆಯದು. ವಾರ್ಮ್‌ಮೀಟೆ ಎಂದರೆ ನೀರು, ಕಸ, ಕಟ್ಟಡದ ನಿರ್ವಹಣೆ, ಹೆಚ್ಚಿನ ಕಡೆ ಮನೆ ಬೆಚ್ಚಗಿಡುವ ಖರ್ಚೂ ಸೇರಿದ್ದು. ಲೆಕ್ಕಕ್ಕೆ ಎರಡನೆಯದನ್ನು ಹಿಡಿಯಿರಿ. ಕರೆಂಟು, ಇಂಟರ್ನೆಟ್ ಸಾಮಾನ್ಯವಾಗಿ ಅದರ ಹೊರಗೆ. ಟಿವಿ ಇರಲಿ ಬಿಡಲಿ, ಪ್ರತಿ ಮನೆಯೂ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಕಟ್ಟಬೇಕು. ಬೆಚ್ಚಗಿಡುವ ಖರ್ಚು ಮುಂಗಡ ಅಂದಾಜು ಮಾತ್ರ. ವರ್ಷಕ್ಕೊಮ್ಮೆ ನಿಜವಾದ ಬಳಕೆಯ ಲೆಕ್ಕ ಬರುತ್ತದೆ, ಹೆಚ್ಚು ಬಳಸಿದ್ದರೆ ಒಟ್ಟಿಗೆ ಕಟ್ಟಬೇಕು. ಚಳಿಗೆ ಬಚ್ಚಲೊಲೆಯ ಮುಂದೆ ಕೂತು ಅಭ್ಯಾಸ ಇರುವ ನಮಗೆ ಈ ಬಾಬ್ತು ಹೊಳೆಯುವುದೇ ಇಲ್ಲ.

ಡಿಪಾಸಿಟ್ ಕಾನೂನಿನಂತೆ ಮೂರು ತಿಂಗಳ ಕಾಲ್ಟ್‌ಮೀಟೆಯನ್ನು ಮೀರುವಂತಿಲ್ಲ. ಮತ್ತೊಂದು ಸಂಗತಿ: ಅಲ್ಲಿ ಎಷ್ಟೋ ಮನೆಗಳನ್ನು ಅಡುಗೆಮನೆ ಇಲ್ಲದೆಯೇ ಬಾಡಿಗೆಗೆ ಕೊಡುತ್ತಾರೆ. ಬಾಗಿಲು ತೆರೆದರೆ ಗೋಡೆಯಲ್ಲಿ ನೀರಿನ ಎರಡು ಪೈಪಿನ ತುದಿ, ಒಲೆಗೆ ಬಿಟ್ಟ ದಪ್ಪ ವೈರು, ಚಾವಣಿಯಲ್ಲಿ ದೀಪ ಇರಬೇಕಾದಲ್ಲಿ ಜೋತುಬಿದ್ದ ತಂತಿ. ಸಿಂಕು, ಒಲೆ, ಕಪಾಟು ಎಲ್ಲ ನೀವೇ ಕೊಳ್ಳಬೇಕು, ಅಥವಾ ಮೊದಲಿದ್ದವರಿಂದ ಹಣ ಕೊಟ್ಟು ಪಡೆಯಬೇಕು. ಜಾಹೀರಾತಿನಲ್ಲಿ ಅಡುಗೆಮನೆ ಜೋಡಿಸಿದೆಯೇ ಎಂದು ನೋಡಿ, ಇಲ್ಲದಿದ್ದರೆ ಆ ಮೊತ್ತ 'ಈ' ಕಾಲಂಗೆ ಹೋಗಲಿ.

ದುಬೈಯಲ್ಲಿ ವರ್ಷದ ಬಾಡಿಗೆಯನ್ನು ಕೆಲವೇ ಚೆಕ್ಕುಗಳಲ್ಲಿ ಮುಂಗಡ ಕೊಡುವ ಪದ್ಧತಿ ಇದೆ. ಮೊದಲ ಸಂಬಳ ಬರುವ ಮುಂಚೆಯೇ ದೊಡ್ಡ ಮೊತ್ತ ಕೈಯಲ್ಲಿರಬೇಕು ಎಂದರ್ಥ. ವರ್ಷದ ಬಾಡಿಗೆಯ ಶೇ 5ರಷ್ಟು ವಸತಿ ಶುಲ್ಕವೂ ಕರೆಂಟು–ನೀರಿನ ಬಿಲ್ಲಿನಲ್ಲಿ ತಿಂಗಳಿಗಿಷ್ಟು ಎಂದು ಸೇರಿ ಬರುತ್ತದೆ.

ಹಂತ 5: ದಿನಸಿ ಪಟ್ಟಿ

ನಿಮ್ಮ ಮನೆಯಲ್ಲಿ ತಿಂಗಳಿಗೆ ನಿಜವಾಗಿ ಖರ್ಚಾಗುವ 25 ಸಾಮಾನು, ಅವುಗಳ ಪ್ರಮಾಣ ಬರೆಯಿರಿ. ಅಲ್ಲಿನ ಸೂಪರ್‌ಮಾರ್ಕೆಟ್ಟಿನ ಜಾಲತಾಣ ತೆರೆದು ಅದೇ ಪ್ರಮಾಣಕ್ಕೆ ಬೆಲೆ ಹಾಕಿ. ತೊಗರಿಬೇಳೆ, ಸೋನಾ ಮಸೂರಿ, ಕರಿಬೇವು, ನುಗ್ಗೆಕಾಯಿ, ತೆಂಗಿನಕಾಯಿಗೆ ಅಲ್ಲಿನ ಭಾರತೀಯ ಅಂಗಡಿಯ ತಾಣ ನೋಡಿ.

ಇಲ್ಲಿ ಒಂದು ಸೂತ್ರ ನೆನಪಿಟ್ಟರೆ ಊಹೆ ಹೆಚ್ಚು ತಪ್ಪುವುದಿಲ್ಲ. ಯಂತ್ರದಿಂದ ತಯಾರಾಗಿ ಹಡಗಿನಲ್ಲಿ ಬರುವ ಸಾಮಾನಿನ ಬೆಲೆ ಎಲ್ಲ ದೇಶದಲ್ಲೂ ಹೆಚ್ಚುಕಡಿಮೆ ಹತ್ತಿರ. ಮನುಷ್ಯನ ಕೈಕೆಲಸ ಬೇಕಾದದ್ದು ಸಂಬಳ ಜಾಸ್ತಿ ಇರುವ ದೇಶದಲ್ಲಿ ದುಬಾರಿ. ಲ್ಯಾಪ್‌ಟಾಪ್, ಮಿಕ್ಸಿ, ಶೂ ಇವುಗಳಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಕ್ಷೌರ, ಹೋಟೆಲ್ ಊಟ, ಪ್ಲಂಬರ್, ಬಟ್ಟೆ ಹೊಲಿಸುವುದು, ಮನೆಗೆಲಸ, ಮಗು ನೋಡಿಕೊಳ್ಳುವುದು ಇವುಗಳಲ್ಲಿ ಅಂತರ ತೀರಾ ಹೆಚ್ಚು. ಅದಕ್ಕೇ ಅಲ್ಲಿ ಎಲ್ಲರೂ ಮನೆಯಲ್ಲೇ ಅಡುಗೆ ಮಾಡುತ್ತಾರೆ, ಗೋಡೆಗೆ ಬಣ್ಣವನ್ನೂ ತಾವೇ ಬಳಿಯುತ್ತಾರೆ. ಈಗ ವಾರಕ್ಕೆರಡು ಸಲ ಹೊರಗೆ ತಿನ್ನುವ ಮನೆಯಾದರೆ ಅಲ್ಲಿಯೂ ಅಷ್ಟೇ ತಿನ್ನುತ್ತೀರೆಂದು ಒಮ್ಮೆ, ತಿಂಗಳಿಗೊಮ್ಮೆ ಎಂದು ಇನ್ನೊಮ್ಮೆ ಲೆಕ್ಕ ಹಾಕಿ ನೋಡಿ.

ಜರ್ಮನಿಯಲ್ಲಿ ನೀರು, ತಂಪುಪಾನೀಯದ ಒಮ್ಮೆ ಬಳಸುವ ಬಾಟಲಿಗೆ ಬೆಲೆಯ ಮೇಲೆ 25 ಸೆಂಟ್ ಡಿಪಾಸಿಟ್ ಹಾಕುತ್ತಾರೆ, ಖಾಲಿ ಬಾಟಲಿ ಕೊಟ್ಟರೆ ವಾಪಸ್. ಮೊದಲ ಬಿಲ್ಲು ನೋಡಿ ಗಾಬರಿಯಾಗಬೇಡಿ.

ಹಂತ 6: ಆಸ್ಪತ್ರೆ ಮತ್ತು ಶಾಲೆ

ಮಕ್ಕಳಿರುವ ಮನೆಗೆ ದೇಶದಿಂದ ದೇಶಕ್ಕೆ ಲೆಕ್ಕ ತಲೆಕೆಳಗಾಗುವುದು ಇಲ್ಲೇ.

ಜರ್ಮನಿಯ ಸರ್ಕಾರಿ ಆರೋಗ್ಯ ವಿಮೆಯಲ್ಲಿ ದುಡಿಯದ ಸಂಗಾತಿ ಮತ್ತು ಮಕ್ಕಳಿಗೆ ಬೇರೆ ಕಂತಿಲ್ಲ. ಸರ್ಕಾರಿ ಶಾಲೆಗೆ ಫೀಸಿಲ್ಲ. ಪ್ರತಿ ಮಗುವಿಗೆ ಕಿಂಡರ್‌ಗೆಲ್ಡ್ ಎಂಬ ಮಕ್ಕಳ ಭತ್ಯೆ ಸಿಗುತ್ತದೆ, 2026ರ ಜನವರಿಯಿಂದ ತಿಂಗಳಿಗೆ 259 ಯೂರೋ. ಶಿಶುವಿಹಾರದ ಶುಲ್ಕ ಮಾತ್ರ ರಾಜ್ಯ, ಊರಿನ ಮೇಲೆ ಬದಲಾಗುತ್ತದೆ.

ಕೊಲ್ಲಿ ದೇಶಗಳಲ್ಲಿ ನಮ್ಮವರ ಮಕ್ಕಳು ಹೆಚ್ಚಾಗಿ ಹೋಗುವುದು ಖಾಸಗಿ ಶಾಲೆಗೆ. ತೆರಿಗೆಯಲ್ಲಿ ಉಳಿದದ್ದು ಫೀಸಿಗೆ ಹೋಗಬಹುದು. ಆಫರಿನಲ್ಲಿ ಶಿಕ್ಷಣ ಭತ್ಯೆ ಇದೆಯೇ, ಎಷ್ಟು ಮಕ್ಕಳಿಗೆ ಎಂದು ಬರಹದಲ್ಲಿ ಕೇಳಿ.

ಇಂಗ್ಲೆಂಡಿಗೆ ವೀಸಾ ಹಾಕುವಾಗಲೇ ಆರೋಗ್ಯ ಸರ್‌ಚಾರ್ಜ್ ಕಟ್ಟಬೇಕು. ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, 18 ವರ್ಷದೊಳಗಿನವರಿಗೆ 776. ಗಂಡ, ಹೆಂಡತಿ, ಎರಡು ಮಕ್ಕಳು, ಐದು ವರ್ಷದ ವೀಸಾ ಎಂದರೆ 18,110 ಪೌಂಡ್, ಒಂದೇ ಕಂತಿನಲ್ಲಿ. ಆರೋಗ್ಯ ಮತ್ತು ಆರೈಕೆ ವೀಸಾದವರಿಗೆ ಇದರಿಂದ ವಿನಾಯಿತಿ ಇದೆ. ಉಳಿದವರಿಗೆ ಕಂಪನಿ ಇದನ್ನು ಕೊಡುತ್ತದೆಯೇ ಎನ್ನುವುದು ಸಂಬಳದಷ್ಟೇ ಮುಖ್ಯವಾದ ಪ್ರಶ್ನೆ.

ಅಮೆರಿಕದಲ್ಲಿ ವಿಮೆಯ ಕಂತು ಮಾತ್ರ ನೋಡಬೇಡಿ. 'ಡಿಡಕ್ಟಿಬಲ್' ಎಂದರೆ ವಿಮೆ ಹಣ ಕೊಡಲು ಶುರು ಮಾಡುವ ಮುಂಚೆ ನೀವೇ ಭರಿಸಬೇಕಾದ ಮೊತ್ತ. 'ಔಟ್ ಆಫ್ ಪಾಕೆಟ್ ಮ್ಯಾಕ್ಸಿಮಮ್' ಎಂದರೆ ವಿಮೆಗೆ ಒಳಪಟ್ಟ ಚಿಕಿತ್ಸೆಗೆ ವರ್ಷದಲ್ಲಿ ನಿಮ್ಮ ಕೈಯಿಂದ ಹೋಗಬಹುದಾದ ಗರಿಷ್ಠ. ಮೊದಲನೆಯದನ್ನು ಖರ್ಚಿನಲ್ಲಿ ಬರೆಯಿರಿ, ಎರಡನೆಯದಷ್ಟು ಹಣ ಆಪತ್ತಿಗೆಂದು ಇಟ್ಟುಕೊಳ್ಳಿ.

ಹಂತ 7: ನೀವು ಹೋದ ಮೇಲೂ ಊರಲ್ಲಿ ನಿಲ್ಲದ ಖರ್ಚು

ಹೆಚ್ಚಿನವರು ಖಾಲಿ ಬಿಡುವ ಕಾಲಂ 'ಇ'. ದಯವಿಟ್ಟು ಇದಕ್ಕೆ ಸಮಯ ಕೊಡಿ.

ಅಪ್ಪ–ಅಮ್ಮನ ಔಷಧಿ, ವಿಮೆ ಹೇಗೂ ಇದೆ. ಅದರ ಮೇಲೆ, ನೀವು ಶಿವಮೊಗ್ಗದಲ್ಲಿದ್ದಾಗ ನೀವೇ ಮಾಡುತ್ತಿದ್ದ ಕೆಲಸಗಳಿಗೆ ಈಗ ಜನ ಬೇಕು. ತೀರ್ಥಹಳ್ಳಿಯಿಂದ ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯಲು ಬಾಡಿಗೆ ಕಾರು, ಜೊತೆಗೊಬ್ಬರು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದಾಗ ಯುಪಿಎಸ್, ಅದರ ಬ್ಯಾಟರಿ. ತೋಟ ಇದ್ದರೆ ಲೆಕ್ಕ ಇನ್ನೂ ದೊಡ್ಡದು. ಕೊಳೆ ಔಷಧಿ ಹೊಡೆಸಲು ಮಳೆ ಬಿಡುವು ಕೊಟ್ಟ ದಿನವೇ ಜನ ಹಿಡಿಯಬೇಕು, ಬೋರ್ಡೋ ದ್ರಾವಣ ಹದವಾಗಿ ಕೂಡಿಸಬೇಕು, ಕೊನೆ ತೆಗೆಸಬೇಕು, ಸುಲಿಸಬೇಕು, ಬೇಯಿಸಿ ಒಣಗಿಸಿ ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ಮ್ಯಾಮ್ಕೋಸ್‌ಗೋ ಮಂಡಿಗೋ ಸಾಗಿಸಬೇಕು. ಎಪ್ಪತ್ತು ದಾಟಿದ ಅಪ್ಪ ಇದನ್ನೆಲ್ಲ ಒಬ್ಬರೇ ಮಾಡಲಾರರು. ಆಗ ಇರುವುದು ಎರಡು ದಾರಿ. ಸಂಬಳಕ್ಕೆ ಒಬ್ಬರನ್ನು ಇಡುವುದು, ಅಥವಾ ಫಸಲನ್ನು ಚೇಣಿಗೆ, ಅಂದರೆ ಮೊದಲೇ ಮಾತಾಡಿದ ಮೊತ್ತಕ್ಕೆ ಬೇರೆಯವರಿಗೆ, ಕೊಡುವುದು. ಚೇಣಿಗೆ ಕೊಟ್ಟರೆ ತಲೆನೋವು ತಪ್ಪುತ್ತದೆ, ಆದಾಯ ಇಳಿಯುತ್ತದೆ. ಆ ಇಳಿದ ಆದಾಯವೂ ನಿಮ್ಮ ಪರದೇಶದ ಖರ್ಚೇ. ಹಾಗೆಯೇ ಬರೆಯಿರಿ.

ಕಾನೂನಿನ ಮೂರು ವಿಷಯ ಇದೇ ಹಂತದಲ್ಲಿ ಗೊತ್ತಿರಬೇಕು.

ಒಂದು, ಜಮೀನು. ಅನಿವಾಸಿ ಭಾರತೀಯರಾದ ಮೇಲೆ ನೀವು ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಖರೀದಿಸುವಂತಿಲ್ಲ. ಮೊದಲೇ ಇರುವುದನ್ನು ಇಟ್ಟುಕೊಳ್ಳಬಹುದು, ಪಿತ್ರಾರ್ಜಿತವಾಗಿ ಬಂದದ್ದನ್ನು ಪಡೆಯಬಹುದು. "ಐದು ವರ್ಷ ದುಡಿದು ಪಕ್ಕದ ಎರಡು ಎಕರೆ ತೋಟ ತಗೊಂಡು ಬಿಡ್ತೀನಿ" ಎಂಬ ಯೋಜನೆಯಲ್ಲಿ ಹೊರಡುವವರು ನಮ್ಮಲ್ಲಿ ಬಹಳ. ಅಲ್ಲಿರುವಾಗ ನಿಮ್ಮ ಹೆಸರಿಗೆ ಅದು ಆಗುವುದಿಲ್ಲ, ವಾಪಸು ಬಂದು ನೆಲೆಸಿದ ಮೇಲೆಯೇ.

ಎರಡು, ಬ್ಯಾಂಕ್ ಖಾತೆ. ಈಗಿನ ಉಳಿತಾಯ ಖಾತೆಯನ್ನು ಎನ್ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು. ಊರಿನ ಬಾಡಿಗೆ, ಅಡಿಕೆಯ ಹಣ ಅದಕ್ಕೆ ಬರುತ್ತದೆ. ಪರದೇಶದಿಂದ ಕಳಿಸುವ ಹಣಕ್ಕೆ ಎನ್ಆರ್‌ಇ ಖಾತೆ. ಅದರ ಬಡ್ಡಿಗೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ. ಆದರೆ ಜರ್ಮನಿ, ಅಮೆರಿಕದಂಥ ದೇಶಗಳು ಅಲ್ಲಿ ನೆಲೆಸಿದವರ ಜಗತ್ತಿನಾದ್ಯಂತದ ಆದಾಯಕ್ಕೆ ತೆರಿಗೆ ಹಾಕುತ್ತವೆ, ಈ ಬಡ್ಡಿಯೂ ಅದರಲ್ಲಿ ಸೇರುತ್ತದೆ.

ಮೂರು, ಬಾಡಿಗೆಗೆ ಕೊಟ್ಟ ಮನೆ. ಮಾಲೀಕ ಅನಿವಾಸಿಯಾದರೆ ಬಾಡಿಗೆದಾರರು ಶೇ 30ಕ್ಕೂ ಮೇಲೆ ತೆರಿಗೆ ಹಿಡಿದು ಉಳಿದದ್ದನ್ನು ಕೊಡಬೇಕು. ರಿಟರ್ನ್ ಸಲ್ಲಿಸಿ ಹೆಚ್ಚುವರಿಯನ್ನು ವಾಪಸು ಪಡೆಯಬಹುದು, ಆದರೆ ತಿಂಗಳ ಕೈಹಣ ಕಡಿಮೆಯಾಗುತ್ತದೆ. ವಿನೋಬನಗರದ ಮನೆಯ ಬಾಡಿಗೆಯಿಂದಲೇ ಅಪ್ಪ–ಅಮ್ಮನ ಖರ್ಚು ನಡೆಯಲಿ ಎಂದುಕೊಂಡಿದ್ದರೆ ಈ ಕಡಿತದ ನಂತರದ ಮೊತ್ತವನ್ನು ಹಿಡಿಯಿರಿ.

ಹಂತ 8: ಒಂದೇ ಸಲದ ಖರ್ಚು, ಊರಿಗೆ ಬಂದು ಹೋಗುವ ಖರ್ಚು

ವೀಸಾ, ಟಿಕೆಟ್, ದಾಖಲೆಗಳ ಭಾಷಾಂತರ, ಮೊದಲ ತಿಂಗಳು ತಂಗುವ ತಾತ್ಕಾಲಿಕ ಕೋಣೆ, ಡಿಪಾಸಿಟ್, ಹಾಸಿಗೆ–ಮಂಚ, ಚಳಿಗಾಲದ ಬಟ್ಟೆ. ಡಿಪಾಸಿಟ್ ವಾಪಸು ಬರುವಂಥದ್ದು, ಅದನ್ನು ಬೇರೆಯಾಗಿ ಬರೆಯಿರಿ. ಇಲ್ಲಿಂದ ದೊಡ್ಡ ಮೊತ್ತ ಕಳಿಸಿಕೊಳ್ಳುವುದಾದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್‌ವರೆಗೆ ಕಳಿಸಬಹುದು. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು ಮೊದಲೇ ತೆರಿಗೆ ಸಂಗ್ರಹಿಸುತ್ತದೆ. ರಿಟರ್ನ್‌ನಲ್ಲಿ ಅದು ಹೊಂದಾಣಿಕೆಯಾಗುತ್ತದೆ.

ಊರಿಗೆ ಬರುವುದು ವರ್ಷಕ್ಕೊಮ್ಮೆಯಾದರೂ ಇರಲೇಬೇಕೆಂದು ನನ್ನ ಅಭಿಪ್ರಾಯ, ಲೆಕ್ಕದಲ್ಲಿ ಅದಕ್ಕೆ ಜಾಗ ಕೊಡಿ. ಮಕ್ಕಳ ರಜೆಗೆ, ಮದುವೆಯ ಕಾಲಕ್ಕೆ ಹೊಂದಿಸಿದರೆ ಟಿಕೆಟ್ ದುಬಾರಿಯ ಹೊತ್ತಿಗೇ ಬೀಳುತ್ತದೆ. ಬೆಂಗಳೂರಿನಲ್ಲಿ ಇಳಿದು ಶಿವಮೊಗ್ಗ ಸೇರಲು 300 ಕಿಲೋಮೀಟರಿನ ಟ್ಯಾಕ್ಸಿ, ಉಡುಗೊರೆ, ಎಲ್ಲರ ಮನೆಗೂ ಹೋಗಿಬರುವ ಓಡಾಟ ಎಲ್ಲ ಸೇರಲಿ. ಕೊಲ್ಲಿಯಿಂದ ಬರುವ ತೀರ್ಥಹಳ್ಳಿ, ಹೊಸನಗರದವರಿಗೆ ಮಂಗಳೂರು ವಿಮಾನ ನಿಲ್ದಾಣ ಹತ್ತಿರವಾಗುತ್ತದೆ, ಎರಡೂ ದರ ನೋಡಿ.

ಹಂತ 9: ಕೂಡಿ ಕಳೆಯುವುದು

ಒಂದು ಮಾದರಿ ಮನೆಯ ಲೆಕ್ಕ ಮಾಡೋಣ. ಅಂಕಿಗಳು ವಿಧಾನ ತೋರಿಸಲು ನಾನೇ ಹಾಕಿಕೊಂಡವು, ನಿಮ್ಮದನ್ನು ತುಂಬಿಕೊಳ್ಳಿ. ಒಂದು ಯೂರೋಗೆ 100 ರೂಪಾಯಿ ಎಂದು ಹಿಡಿದಿದ್ದೇನೆ.

ಈಗ ಶಿವಮೊಗ್ಗದಲ್ಲಿ: ಗಂಡನ ಕೈಸಂಬಳ 85,000, ಹೆಂಡತಿ ಶಾಲಾ ಶಿಕ್ಷಕಿ, 22,000. ಒಟ್ಟು 1,07,000. ಖರ್ಚು: ಬಾಡಿಗೆ 14,000, ದಿನಸಿ–ಹಾಲು–ತರಕಾರಿ 13,000, ಇಬ್ಬರು ಮಕ್ಕಳ ಶಾಲೆ 10,000, ಪೆಟ್ರೋಲ್ 5,000, ಗ್ಯಾಸ್–ಫೋನ್–ಇಂಟರ್ನೆಟ್ 3,500, ಔಷಧಿ–ವಿಮೆ 4,000, ಮನೆಕೆಲಸ 2,500, ಬಟ್ಟೆ–ಹಬ್ಬ–ಮುಯ್ಯಿ 6,000, ಹೆತ್ತವರ ಔಷಧಿ 4,000, ಕಾರಿನ ಕಂತು 9,000. ಒಟ್ಟು 71,000. ಉಳಿಯುವುದು 36,000. ಊರಿಂದ ಬರುವ ಸಾಮಾನು ಇದರ ಹೊರಗಿದೆ. ಅದಿರುವುದರಿಂದಲೇ ದಿನಸಿ 13,000ದಲ್ಲಿ ಮುಗಿಯುತ್ತಿದೆ.

ಜರ್ಮನಿಯಲ್ಲಿ ಮೊದಲ ವರ್ಷ: ಕೈಸಂಬಳ 3,200, ಇಬ್ಬರು ಮಕ್ಕಳ ಭತ್ಯೆ 518. ಒಟ್ಟು 3,718 ಯೂರೋ. ಖರ್ಚು: ವಾರ್ಮ್‌ಮೀಟೆ 1,350, ಕರೆಂಟು–ಇಂಟರ್ನೆಟ್–ಫೋನ್–ಪ್ರಸಾರ ಶುಲ್ಕ 150, ದಿನಸಿ 600, ದೇಶಾದ್ಯಂತ ಸ್ಥಳೀಯ ಬಸ್ಸು–ರೈಲಿಗೆ ನಡೆಯುವ ತಿಂಗಳ ಪಾಸು ತಲಾ 63ರಂತೆ ಇಬ್ಬರಿಗೆ 126, ಮಕ್ಕಳ ಊಟ ಮತ್ತು ಶಾಲೆಯ ನಂತರದ ಆರೈಕೆ 200, ಬಟ್ಟೆ–ಮನೆ ಸಾಮಾನು–ಸಣ್ಣ ವಿಮೆ 200, ಹೊರಗಿನ ಊಟ–ತಿರುಗಾಟ 150. ಒಟ್ಟು 2,776. ಉಳಿಯುವುದು 942 ಯೂರೋ.

ಇಲ್ಲಿಗೇ ನಿಲ್ಲಿಸಿದರೆ ತಿಂಗಳಿಗೆ 94,000 ರೂಪಾಯಿ ಉಳಿತಾಯ ಎಂದು ಕಾಣುತ್ತದೆ. ಈಗ 'ಇ' ಕಾಲಂ ತೆಗೆಯಿರಿ: ಹೆತ್ತವರ ಔಷಧಿ 4,000, ತೋಟ ನೋಡಿಕೊಳ್ಳುವವರಿಗೆ 8,000, ಕಾರಿನ ಕಂತು 9,000. ಒಟ್ಟು 21,000, ಅಂದರೆ 210 ಯೂರೋ. ಊರಿಗೆ ಬಂದು ಹೋಗಲು ವರ್ಷಕ್ಕೆ 4,000 ಯೂರೋ, ತಿಂಗಳಿಗೆ 333. ಇವೆರಡನ್ನೂ ಕಳೆದರೆ ಉಳಿಯುವುದು 399 ಯೂರೋ, ಸುಮಾರು 40,000 ರೂಪಾಯಿ.

ಶಿವಮೊಗ್ಗದಲ್ಲಿ 36,000, ಅಲ್ಲಿ 40,000. ತಿಂಗಳಿಗೆ ನಾಲ್ಕು ಸಾವಿರದ ಲಾಭ. ಒಂದೇ ಸಲದ ಖರ್ಚು ಡಿಪಾಸಿಟ್ ಬಿಟ್ಟು 5,850 ಯೂರೋ ಆಗಿದ್ದರೆ ಈ ದರದಲ್ಲಿ ಅದು ತೀರಲು ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಬೇಕು. ಎರಡನೇ ವರ್ಷ ಹೆಂಡತಿಗೆ ಅರ್ಧ ದಿನದ ಕೆಲಸ ಸಿಕ್ಕಿ ಮನೆಗೆ ತಿಂಗಳಿಗೆ 1,200 ಯೂರೋ ಹೆಚ್ಚು ಬಂದರೆ ಅದೇ ಮೊತ್ತ ಐದು ತಿಂಗಳಲ್ಲಿ ತೀರುತ್ತದೆ. ಈ ಮನೆಯ ಮಟ್ಟಿಗೆ ಇಡೀ ಪ್ರಶ್ನೆ ನಿಂತಿರುವುದು ಗಂಡನ ಸಂಬಳದ ಮೇಲಲ್ಲ, ಆಕೆಯ ಭಾಷೆ ಮತ್ತು ಕೆಲಸದ ಮೇಲೆ. ಹಾಗಾದರೆ ಜರ್ಮನ್ ತರಗತಿಗೆ ಹೊರಡುವ ಮುಂಚೆಯೇ, ಶಿವಮೊಗ್ಗದಲ್ಲಿರುವಾಗಲೇ ಸೇರಿಕೊಳ್ಳುವುದು ಒಳ್ಳೆಯದು.

ಪಿಂಚಣಿಯನ್ನು ಬೇರೆ ಸಾಲಿನಲ್ಲಿ ಬರೆಯಿರಿ, ಅದು ಕಳೆದುಹೋದ ಹಣವಲ್ಲ. ಭಾರತ–ಜರ್ಮನಿ ನಡುವೆ 2017ರ ಮೇ 1ರಿಂದ ಸಾಮಾಜಿಕ ಭದ್ರತೆಯ ಒಪ್ಪಂದ ಜಾರಿಯಲ್ಲಿದ್ದು, ಪಿಂಚಣಿಯ ಅರ್ಹತೆಗೆ ಎರಡೂ ಕಡೆ ದುಡಿದ ವರ್ಷಗಳನ್ನು ಕೂಡಿಸಿಕೊಳ್ಳಬಹುದು. ಅಮೆರಿಕದೊಂದಿಗೆ ಭಾರತಕ್ಕೆ ಅಂಥ ಒಪ್ಪಂದ ಇಲ್ಲ. ಊರಲ್ಲಿ ಕಟ್ಟುತ್ತಿದ್ದ ಪಿಎಫ್ ನಿಂತದ್ದನ್ನೂ ಅದೇ ಸಾಲಿನಲ್ಲಿ ನಮೂದಿಸಿ.

ಹಂತ 10: ಲೆಕ್ಕವನ್ನು ಅಲುಗಾಡಿಸಿ ನೋಡಿ

ಬಂದ ಉತ್ತರವನ್ನು ಮೂರು ಸಲ ಪರೀಕ್ಷಿಸಿ. ಬಾಡಿಗೆ ನೀವು ಅಂದುಕೊಂಡದ್ದಕ್ಕಿಂತ ಶೇ 20 ಹೆಚ್ಚಾದರೆ? ತುರ್ತಿಗೆ ವರ್ಷದಲ್ಲಿ ಇನ್ನೊಮ್ಮೆ ಊರಿಗೆ ಓಡಿಬರಬೇಕಾದರೆ? ಮೂರು ತಿಂಗಳು ಕೆಲಸ ಇಲ್ಲದಿದ್ದರೆ? ಮೂರರಲ್ಲಿ ಯಾವುದಾದರೂ ಒಂದು ನಡೆದರೂ ಉಳಿಕೆ ಸೊನ್ನೆಗಿಂತ ಕೆಳಗೆ ಹೋಗುವುದಾದರೆ ಮೊದಲ ವರ್ಷ ಒಬ್ಬರೇ ಹೋಗಿ ಆಮೇಲೆ ಮನೆಯವರನ್ನು ಕರೆಸಿಕೊಳ್ಳುವುದನ್ನು ಯೋಚಿಸಿ. ಆಗ ಎರಡು ಮನೆಯ ಖರ್ಚು ಬರುತ್ತದೆ, ಅದಕ್ಕೆ ಇದೇ ಹಾಳೆಯಲ್ಲಿ ಹೊಸ ಕಾಲಂ ಮಾಡಿ.

ಅಲ್ಲಿರುವ ಪರಿಚಯದವರನ್ನು ಕೇಳುವಾಗ "ಖರ್ಚು ಹೇಗಿದೆ ಅಣ್ಣ?" ಎಂದು ಕೇಳಬೇಡಿ, "ಪರವಾಗಿಲ್ಲ" ಎಂಬ ಉತ್ತರ ಬರುತ್ತದೆ. ಹೀಗೆ ಕೇಳಿ: ಕಳೆದ ವರ್ಷ ಬೆಚ್ಚಗಿಡುವ ಬಾಬ್ತು ಕೊನೆಗೆ ಎಷ್ಟು ಕಟ್ಟಿದಿರಿ? ಮಗುವಿಗೆ ಶಿಶುವಿಹಾರದ ಸೀಟು ಎಷ್ಟು ತಿಂಗಳಿಗೆ ಸಿಕ್ಕಿತು? ಮನೆ ಸಿಗುವವರೆಗೆ ಎಲ್ಲಿ ಇದ್ದಿರಿ, ಅದಕ್ಕೆ ಎಷ್ಟಾಯಿತು? ಅತ್ತಿಗೆಗೆ ಕೆಲಸ ಸಿಗಲು ಎಷ್ಟು ಕಾಲ ಹಿಡಿಯಿತು? ನಮ್ಮವರು ಸಂಬಳ ಹೇಳಲು ಹಿಂಜರಿಯುತ್ತಾರೆ, ಬಿಲ್ಲಿನ ಅಂಕಿ ಹೇಳಲು ಹಿಂಜರಿಯುವುದಿಲ್ಲ.

ಹೋದ ಮೇಲೆ ಆರನೇ ತಿಂಗಳಿಗೆ ಒಮ್ಮೆ, ವರ್ಷ ತುಂಬಿದಾಗ ಇನ್ನೊಮ್ಮೆ ಅದೇ ಹಾಳೆ ತೆರೆದು ಅಂದಾಜಿನ ಪಕ್ಕ ನಿಜವಾದ ಅಂಕಿ ಬರೆಯಿರಿ. ಆರನೇ ತಿಂಗಳ ಅಂಕಿಯನ್ನೇ ನಂಬಿ ದೊಡ್ಡ ತೀರ್ಮಾನ ಬೇಡ, ಅಷ್ಟರೊಳಗೆ ಚಳಿಗಾಲವೂ ವರ್ಷದ ಲೆಕ್ಕದ ಬಿಲ್ಲೂ ಬಂದಿರಲಿಕ್ಕಿಲ್ಲ. ಪ್ರತಿ ಸಾಲಿನ ಮುಂದೆ ಬೆಲೆ ನೋಡಿದ ದಿನಾಂಕ ಮತ್ತು ಆ ದಿನದ ವಿನಿಮಯ ದರ ಇರಲಿ. ಹಾಳೆಯ ಒಂದು ಪ್ರತಿ ಊರಲ್ಲಿ ತೋಟ ನೋಡಿಕೊಳ್ಳುವ ಅಪ್ಪನ ಬಳಿಯೂ ಇರಲಿ. 'ಇ' ಕಾಲಂ ತುಂಬಬೇಕಾದವರು ಅವರೇ.